ಬೆಂಗಳೂರಿನ ಬಾಳೆಹಣ್ಣಿನ ವಾಸನೆ ಬಳ್ಳಾರಿಗೆ ಬರುವಷ್ಟರಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: ನನಗೆ 28 ವರ್ಷ. ಮನೆ ಬಳ್ಳಾರಿ, ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮನೆಯಲ್ಲಿ ಯಾರೂ ಕುಡಿಯುವವರಲ್ಲ, ನಾನೂ ಈಚಿನವರೆಗೆ ಮುಟ್ಟಿದವನಲ್ಲ. ಗೆಳೆಯನ ಮದುವೆಗೆ ಬೆಂಗಳೂರಿಗೆ ಹೋದಾಗ, ಅಲ್ಲೇ ಬಿಯರ್ ತಯಾರಿಸುವ ಪಬ್ಬೊಂದಕ್ಕೆ ಕರೆದುಕೊಂಡು ಹೋದರು. ಮಬ್ಬು ಮಬ್ಬಾದ ಹಳದಿ ಬಿಯರ್ ಕೊಟ್ಟರು. ಬಾಳೆಹಣ್ಣಿನ ವಾಸನೆ, ಕಹಿಯೇ ಇಲ್ಲ, ಬಹಳ ಹಿಡಿಸಿತು. ಊರಿಗೆ ಬಂದು ವೈನ್ ಶಾಪಿನಲ್ಲಿ 'ಬಿಯರ್ ಕೊಡಿ' ಎಂದು ಕೇಳಿ ದೊಡ್ಡ ಬಾಟಲಿ ತಂದೆ. ಅರ್ಧಕ್ಕೇ ಗಂಟಲು ಉರಿದು ತಲೆ ಭಾರವಾಯಿತು, ಉಳಿದದ್ದನ್ನು ಚೆಲ್ಲಿದೆ. ನನ್ನ ನಾಲಿಗೆಯೇ ಸರಿಯಿಲ್ಲವೇ? ಈ ಕ್ರಾಫ್ಟ್ ಬಿಯರ್ ಎಂದರೇನು, ಎಲ್ಲಿಂದ ಶುರು ಮಾಡಬೇಕು, ಎಷ್ಟು ಕುಡಿದರೆ ಸರಿ? ಮನೆಯಲ್ಲಿ ಹೇಳಬೇಕೋ ಬೇಡವೋ ಎಂಬ ಚಿಂತೆಯೂ ಇದೆ.

ಉತ್ತರ: ನಿಮ್ಮ ನಾಲಿಗೆ ಸರಿಯಾಗೇ ಇದೆ. ಎಡವಟ್ಟಾದದ್ದು ಅಂಗಡಿಯ ಕೌಂಟರಿನಲ್ಲಿ. ನಮ್ಮ ಕಡೆ ಬರೀ 'ಬಿಯರ್' ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು 650 ಮಿ.ಲೀ. ಸ್ಟ್ರಾಂಗ್. ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ಅದೇ, ಹಾಗಾಗಿ ಅಂಗಡಿಯವರು ಬೇರೆ ಕೇಳುವುದೂ ಇಲ್ಲ. ಬಾಟಲಿ ಇನ್ನೂ ಮೂಲೆಯಲ್ಲಿದ್ದರೆ ಲೇಬಲ್ ತಿರುಗಿಸಿ ನೋಡಿ, ಮದ್ಯಸಾರದ ಪ್ರಮಾಣ ಶೇ. 8ರ ಆಸುಪಾಸು ಬರೆದಿರುತ್ತದೆ. ಬೆಂಗಳೂರಿನಲ್ಲಿ ನೀವು ಕುಡಿದದ್ದು ಶೇ. 5ರ ಆಸುಪಾಸಿನದು.

ನೀವು ಎಂಜಿನಿಯರ್, ಲೆಕ್ಕದಲ್ಲೇ ಹೇಳುತ್ತೇನೆ. 650 ಮಿ.ಲೀ.ನ ಶೇ. 8 ಎಂದರೆ 52 ಮಿ.ಲೀ. ಅಪ್ಪಟ ಮದ್ಯಸಾರ. ನಮ್ಮ ದೇಶದ ವಿಸ್ಕಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ. 42.8 ಇರುತ್ತದೆ, 60 ಮಿ.ಲೀ.ನ ಒಂದು ಲಾರ್ಜ್ ಪೆಗ್ಗಿನಲ್ಲಿ ಸುಮಾರು 25.7 ಮಿ.ಲೀ. ಅಂದರೆ ಆ ಒಂದು ಬಾಟಲಿಯಲ್ಲಿ ಎರಡು ಲಾರ್ಜ್ ವಿಸ್ಕಿ ಕೂತಿದೆ. ಜೀವಮಾನದಲ್ಲಿ ಎರಡನೇ ಸಲ ಕುಡಿಯುವವರು ಖಾಲಿ ಹೊಟ್ಟೆಯಲ್ಲಿ ಒಂದು ಲಾರ್ಜ್ ಏರಿಸಿದರೆ ಏನಾಗುತ್ತದೋ ಅರ್ಧ ಬಾಟಲಿಗೆ ನಿಮಗೆ ಅದೇ ಆಗಿದೆ. 'ಬಿಯರ್ ಏನು ಬಿಡು, ನೀರು ಕುಡಿದಂಗ' ಎನ್ನುವ ಮಾತು ನಮ್ಮೂರಲ್ಲಿ ಎಷ್ಟು ಜನರ ಲೆಕ್ಕ ತಪ್ಪಿಸಿದೆಯೋ!

ಗಂಟಲಲ್ಲಿ ಆದ ಉರಿ ಮುಖ್ಯವಾಗಿ ಆ ಮದ್ಯಸಾರದ್ದು. ಬಿಯರಿನ ನಿಜವಾದ ಕಹಿ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬರುವಂಥದ್ದು, ಅದು ಸುಡುವುದಿಲ್ಲ. ಹಾಗಲಕಾಯಿಯ ಪಲ್ಯ ತಿಂದಾಗ ನಾಲಿಗೆಯ ಹಿಂಬದಿಯಲ್ಲಿ ಒಂದು ಕಹಿ ಮೆಲ್ಲಗೆ ಎದ್ದು, ಸ್ವಲ್ಪ ಹೊತ್ತು ನಿಂತು, ಮತ್ತೊಂದು ತುತ್ತು ಕೇಳುತ್ತದಲ್ಲ, ಆ ಜಾತಿಯದು. ಮೆಂತ್ಯ, ಹಾಗಲ, ಯುಗಾದಿಯ ಬೇವು ತಿಂದು ಬೆಳೆದ ನಾಲಿಗೆಗೆ ಕಹಿ ಹೊಸತೇನಲ್ಲ.

ನಾನು ಸಿರುಗುಪ್ಪದ ಕಡೆಯವನು, ಬೆಂಗಳೂರಿನಲ್ಲಿ ಬಿಯರ್ ಕುದಿಸುವುದೇ ಹನ್ನೆರಡು ವರ್ಷದಿಂದ ನನ್ನ ಕಸುಬು. ಊರಿನ ಕಡೆಯ ಹುಡುಗರು ಯಾರೇ ಬಂದು ಕೇಳಿದರೂ ನಾನು ಶುರು ಮಾಡುವುದು ಗ್ಲಾಸಿನಿಂದಲ್ಲ, ಮಾಲ್ಟ್ ಚೀಲದಿಂದ. ಒಂದು ಹಿಡಿ ಕೈಗೆ ಕೊಟ್ಟು ಅಗಿಯಿರಿ ಎನ್ನುತ್ತೇನೆ.

ರಾಗಿ ಮಾಲ್ಟ್ ಗೊತ್ತಲ್ಲ? ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸುವುದು. ಬಿಯರಿಗೆ ಅದೇ ಕೆಲಸವನ್ನು ಜವೆಗೋಧಿಗೆ (ಬಾರ್ಲಿಗೆ) ಮಾಡುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಕಿಣ್ವಗಳು ಏಳುತ್ತವೆ. ಪಿಷ್ಟವನ್ನು ಸಕ್ಕರೆ ಮಾಡಿ ಸಸಿಗೆ ಉಣಿಸುವುದು ಅವುಗಳ ಕೆಲಸ. ಸಸಿ ಬೆಳೆಯುವ ಮೊದಲೇ ಒಣಗಿಸಿಬಿಟ್ಟರೆ ಕಿಣ್ವಗಳು ಹಾಗೇ ಕಾದು ಕೂರುತ್ತವೆ. ಆ ಕಾಳನ್ನು ಒಡೆದು 65 ಡಿಗ್ರಿಯ ಆಸುಪಾಸಿನ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ಅವು ಮತ್ತೆ ಎದ್ದು ಗಂಜಿಯನ್ನೆಲ್ಲ ಸಿಹಿ ಮಾಡುತ್ತವೆ. ಆ ಹೊತ್ತಿನಲ್ಲಿ ಬ್ರೂವರಿಯ ಬಾಗಿಲಲ್ಲಿ ನಿಂತರೆ ಮೂಗಿಗೆ ಬರುವುದು ಪಬ್ಬಿನ ವಾಸನೆಯಲ್ಲ, ಬೆಳಗಿನ ಅಂಬಲಿಯ ವಾಸನೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಹಾಕಿ ಒಂದು ತಾಸು ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಮುಂದಿನದೆಲ್ಲ ಯೀಸ್ಟಿನ ಪಾಲು. ಮಾಲ್ಟು, ನೀರು, ಹಾಪ್ಸು, ಯೀಸ್ಟು: ಇಷ್ಟೇ ಸಾಮಾನು. 1516ರಲ್ಲಿ ಬವೇರಿಯಾದ ಅರಸರು ಬಿಯರಿಗೆ ಜವೆಗೋಧಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದೆಂದು ಕಟ್ಟಳೆ ಮಾಡಿದರು. ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ, ಏಕೆಂದರೆ ಅದೊಂದು ಜೀವಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ನಿಮ್ಮ ಬಾಳೆಹಣ್ಣಿನ ವಾಸನೆ ಬಂದದ್ದು ಆ ಹೆಸರಿಲ್ಲದವನಿಂದಲೇ. ನೀವು ಕುಡಿದದ್ದು ಜರ್ಮನಿಯ ಹೆಫೆವೈಝನ್ ಬಗೆಯ ಗೋಧಿ ಬಿಯರ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹೆಫೆ ಎಂದರೆ ಯೀಸ್ಟ್, ವೈಝನ್ ಎಂದರೆ ಗೋಧಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್ ಇರುತ್ತದೆ. ಸೋಸದೆ ಬಿಡುವುದರಿಂದ ಮಬ್ಬು. ಬಾಳೆಹಣ್ಣನ್ನು ಯಾರೂ ಅದಕ್ಕೆ ಹಾಕಿಲ್ಲ. ಆ ಬಗೆಯ ಯೀಸ್ಟ್ ಸಕ್ಕರೆ ತಿನ್ನುವಾಗ ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನು ಬಿಡುತ್ತದೆ, ಮಾಗಿದ ಬಾಳೆಹಣ್ಣಿನ ವಾಸನೆಯಲ್ಲಿ ಇರುವುದೂ ಅದೇ. ಮುಂದಿನ ಸಲ ಇನ್ನೂ ಗಮನವಿಟ್ಟು ಮೂಸಿ, ಬಾಳೆಯ ಹಿಂದೆ ಲವಂಗದ ಒಂದು ಎಳೆ ಸಿಗುತ್ತದೆ. ಅದೂ ಯೀಸ್ಟಿನದೇ. ತೊಟ್ಟಿಯ ತಾಪ ಎರಡು ಮೂರು ಡಿಗ್ರಿ ಏರಿಸಿದರೆ ಬಾಳೆ ಮುಂದಾಗುತ್ತದೆ, ಇಳಿಸಿದರೆ ಲವಂಗ. ನನ್ನ ಸಂಬಳದ ಅರ್ಧ ಈ ಎರಡು ಮೂರು ಡಿಗ್ರಿ ಕಾಯುವುದಕ್ಕೇ ಎನ್ನಬಹುದು.

ಇದೆಲ್ಲ ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಬಿಯರನ್ನು 'ಕಿಕ್' ಅಂತ ನೋಡಿದರೆ ಲೇಬಲ್ಲಿನ ಒಂದೇ ಅಂಕಿ ಕಾಣುತ್ತದೆ. ಕಾಳಿನಿಂದ ಮಾಡಿದ, ಹುದುಗು ಬಂದ ಪದಾರ್ಥ ಅಂತ ನೋಡಿದರೆ ಮೂಗು ಮುಂದೆ ಬರುತ್ತದೆ. ನೀವು ಹೊಸಬರು, ಸ್ಟ್ರಾಂಗಿನ ಚಟ ಹತ್ತಿಲ್ಲ. ಮೊದಲ ಸಲವೇ ಮೂಗಿನಿಂದ ಕುಡಿದಿದ್ದೀರಿ. ಇಪ್ಪತ್ತು ವರ್ಷ ಕುಡಿದ ಎಷ್ಟೋ ಜನರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗುತ್ತದೆ.

'ಕ್ರಾಫ್ಟ್' ಅನ್ನುವ ಪದದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸಣ್ಣ ಪ್ರಮಾಣದಲ್ಲಿ, ರುಚಿಯನ್ನು ಮುಂದಿಟ್ಟುಕೊಂಡು, ಬಗೆ ಬಗೆಯಾಗಿ ಮಾಡುವುದು ಅದರ ತಿರುಳು. ಅಮೆರಿಕದಲ್ಲಿ 1960-70ರ ದಶಕಗಳಲ್ಲಿ ಒಂದೇ ರುಚಿಯ ಬಿಯರಿನಿಂದ ಬೇಸತ್ತವರು ಶುರು ಮಾಡಿದ್ದು. ಬೆಂಗಳೂರಿಗೆ ಬಂದದ್ದು 2010ರ ಆಸುಪಾಸಿನಲ್ಲಿ, ಟಾಯ್ಟ್, ಬಿಯರ್ ಕ್ಲಬ್, ಆರ್ಬರ್ ಮುಂತಾದ ಮೈಕ್ರೋಬ್ರೂವರಿಗಳ ಮೂಲಕ. ಆದರೆ ಬೆಂಗಳೂರಿಗೆ ಬಿಯರ್ ಹೊಸದೇನಲ್ಲ, ದಂಡಿನ ಕಾಲದಿಂದ ಇದೆ. ದಕ್ಷಿಣದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಆದದ್ದು 1915ರಲ್ಲಿ. ಇನ್ನು ಬಾಟಲಿಯ ಮೇಲೆ 'ಕ್ರಾಫ್ಟ್' ಎಂದು ಚಂದದ ಅಕ್ಷರದಲ್ಲಿ ಬರೆದ ಮಾತ್ರಕ್ಕೆ ಒಳಗಿನದು ಚೆನ್ನಾಗಿರಬೇಕೆಂದಿಲ್ಲ. ದೊಡ್ಡ ಕಂಪನಿಯ ಬಿಯರೆಲ್ಲ ಕಳಪೆ ಎಂಬ ಮಾತನ್ನೂ ನಂಬಬೇಡಿ. ವರ್ಷಪೂರ್ತಿ, ಊರೂರಿಗೆ, ಒಂದೇ ರುಚಿ ಕೊಡುವುದು ನಮ್ಮಂಥವರಿಗೆ ಸುಲಭಕ್ಕೆ ಬಾರದ ವಿದ್ಯೆ. ಅವರು ಅಕ್ಕಿ ಹಾಕುತ್ತಾರೆ ಎಂದು ಮೂಗು ಮುರಿಯುವವರೂ ಇದ್ದಾರೆ. ಗಂಗಾವತಿಯ ಅಕ್ಕಿ ಉಂಡು ಬೆಳೆದ ನಾನಂತೂ ಆ ಗುಂಪಿಗೆ ಸೇರುವವನಲ್ಲ. ಅಕ್ಕಿ ಬಿಯರನ್ನು ಹಗುರ ಮಾಡುತ್ತದೆ, ಅಷ್ಟೇ.

ಈಗ ಎಲ್ಲಿಂದ ಶುರು ಅನ್ನುವುದಕ್ಕೆ ಬರೋಣ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗುವ ಕೆಲಸ ಹೇಗೂ ಬೀಳುತ್ತಿರುತ್ತದೆ. ಹೋದಾಗ ನಾಲ್ಕೈದು ಬಗೆ ಸಣ್ಣ ಸಣ್ಣ ಗ್ಲಾಸಿನಲ್ಲಿ ಕೊಡುವ ಸ್ಯಾಂಪ್ಲರ್ ಕೇಳಿ. ಬಹಳ ಕಡೆ ಕೊಡುತ್ತಾರೆ. ನಿಮಗೆ ಹಿಡಿಸಿದ ಗೋಧಿ ಬಿಯರನ್ನೇ ಮೊದಲು ಇಟ್ಟುಕೊಳ್ಳಿ. ಅದರ ಪಕ್ಕಕ್ಕೆ ಬೆಲ್ಜಿಯಂ ರೀತಿಯ ವಿಟ್‌ಬಿಯರ್. ಅದೂ ಗೋಧಿಯದೇ, ಆದರೆ ಮೊಳಕೆ ಬರಿಸದ ಹಸಿ ಗೋಧಿ. ಜೊತೆಗೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ. ನಮ್ಮ ಅಡುಗೆಮನೆಯ ಕೊತ್ತಂಬರಿ ಬೀಜವೇ, ಹುರಿಯದೆ ಜಜ್ಜಿ ಹಾಕುತ್ತಾರೆ. ಎರಡನ್ನೂ ಒಂದಾದ ಮೇಲೊಂದು ಮೂಸಿ: ಒಂದರಲ್ಲಿ ಪರಿಮಳ ಯೀಸ್ಟಿನದು, ಇನ್ನೊಂದರಲ್ಲಿ ಹೆಚ್ಚಿನಂಶ ಸಾಂಬಾರದ್ದು. ಈ ವ್ಯತ್ಯಾಸ ಮೂಗಿಗೆ ಸಿಕ್ಕ ದಿನ ಅರ್ಧ ಪಾಠ ಮುಗಿದಂತೆ.

ಆಮೇಲೆ ಲಾಗರ್. ತಣ್ಣಗೆ, 10 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಹುದುಗಿಸಿ ವಾರಗಟ್ಟಲೆ ತಂಪಿನಲ್ಲಿ ಇಟ್ಟು ತಿಳಿಯಾಗಿಸುವುದು. 1842ರಲ್ಲಿ ಈಗಿನ ಚೆಕ್ ದೇಶದ ಪಿಲ್ಸೆನ್ ಊರಲ್ಲಿ ಮೊದಲ ಬಾರಿ ತಯಾರಾದ ಹೊಂಬಣ್ಣದ ತಿಳಿ ಬಿಯರೇ ಇಂದು ಜಗತ್ತು ಹೆಚ್ಚು ಕುಡಿಯುವ ಬಗೆಯ ಮೂಲ; ನಮ್ಮ ಬಾಟಲಿ ಬಿಯರೂ ಅದೇ ವಂಶದ್ದು. ಒಳ್ಳೆಯ ಪಿಲ್ಸನರ್‌ನಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ, ಬ್ರೂವರನ ತಪ್ಪೆಲ್ಲ ಎದ್ದು ಕಾಣುತ್ತದೆ. ಬೆಣ್ಣೆಯ ವಾಸನೆ ಬಂದರೆ ಅವಸರದಲ್ಲಿ ಇಳಿಸಿದ್ದಾನೆ ಎಂದರ್ಥ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸಿದ್ದು ಸಾಲದು.

ಕಪ್ಪು ಬಣ್ಣಕ್ಕೆ ಹೆದರಬೇಡಿ. ಸ್ಟೌಟ್ ಎಂಬ ಬಿಯರ್ ಕಪ್ಪಗಿರುವುದು ಕಾಳನ್ನು ಕಾಫಿ ಬೀಜದಷ್ಟು ಹುರಿದದ್ದಕ್ಕೆ, ಮದ್ಯಸಾರ ಜಾಸ್ತಿ ಇರುವುದಕ್ಕಲ್ಲ. ಡಬ್ಲಿನ್ನಿನ ಪ್ರಸಿದ್ಧ ಕಪ್ಪು ಸ್ಟೌಟಿನಲ್ಲಿ ಇರುವುದು ಶೇ. 4ಕ್ಕಿಂತ ಸ್ವಲ್ಪ ಮೇಲೆ, ನೀವು ಚೆಲ್ಲಿದ ಹಳದಿ ಬಾಟಲಿಯ ಅರ್ಧ. ಸಕ್ಕರೆ ಇಲ್ಲದ ಡಿಕಾಕ್ಷನ್ ಇಷ್ಟಪಡುವವರು ಮೊದಲ ಗುಟುಕಿಗೇ ಇದನ್ನು ಒಪ್ಪಿಕೊಳ್ಳುತ್ತಾರೆ.

ಹುಳಿ ಬಿಯರ್ ಎಂದರೆ ಬೆಂಗಳೂರಿನ ಹುಡುಗರು ಮುಖ ಹಿಂಡುತ್ತಾರೆ. ನಮ್ಮ ಕಡೆಯವರು ಹಿಂಡಬಾರದು! ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ರೊಟ್ಟಿ ಜೊತೆ ಹೊಡೆಯುವ ಮಂದಿ ನಾವು. ಜರ್ಮನಿಯ ಗೋಸೆ ಎಂಬ ಬಗೆಗೆ ಉಪ್ಪು, ಕೊತ್ತಂಬರಿ ಬೀಜ ಹಾಕುತ್ತಾರೆ. ಹುಳಿ ಬರಿಸುವುದು ಮೊಸರಿನ ಬಳಗದ ಬ್ಯಾಕ್ಟೀರಿಯಾ. ನಾನು ಮೊದಲ ಸಲ ಕುಡಿದಾಗ ನೆನಪಾದದ್ದು ಬೇಸಿಗೆಯಲ್ಲಿ ಹೊಲಕ್ಕೆ ಒಯ್ಯುತ್ತಿದ್ದ ಉಪ್ಪು ಮಜ್ಜಿಗೆ.

ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್, ಕೊನೆಗೆ ಇಟ್ಟುಕೊಳ್ಳಿ, ಇವೆಲ್ಲದರ ಮೇಲೆ. ಹಾಪ್ಸ್ ಹೆಚ್ಚು ಹಾಕಿದ್ದು, ಕಹಿ ಹೆಚ್ಚು. ಮೊದಲು ಅದನ್ನು ಕುಡಿದರೆ ನಾಲಿಗೆ ಮುಂದಿನದಕ್ಕೆಲ್ಲ ಕಿವುಡಾಗುತ್ತದೆ. ಹೆಸರಿನಲ್ಲಿ ಇಂಡಿಯಾ ಇದೆ ಎಂದು ನಮ್ಮದು ಅಂದುಕೊಳ್ಳಬೇಡಿ. ಇಂಗ್ಲೆಂಡಿನಿಂದ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಅದು. ತಿಂಗಳುಗಟ್ಟಲೆಯ ಪ್ರಯಾಣ ತಾಳಲೆಂದು ಹಾಪ್ಸ್ ಜಾಸ್ತಿ ಹಾಕುತ್ತಿದ್ದರು. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದ ದೊಡ್ಡ ದಂಡು, ಕೌಲ್ ಬಜಾರ್ ಹುಟ್ಟಿದ್ದೇ ಆ ದಂಡಿನ ಜೊತೆ. ಆದರೆ ಸಾಮಾನ್ಯ ಬ್ರಿಟಿಷ್ ಸೈನಿಕ ಹೆಚ್ಚಾಗಿ ಕುಡಿಯುತ್ತಿದ್ದದ್ದು ಪೋರ್ಟರ್ ಎಂಬ ಕಪ್ಪು ಬಿಯರ್, ಪೇಲ್ ಏಲ್ ಸಾಹೇಬರ ಮೇಜಿನದು.

ಬೆಂಗಳೂರು ಸರಿ, ಬಳ್ಳಾರಿಯಲ್ಲಿ ಏನು ಮಾಡುವುದು ಎಂದು ಕೇಳುತ್ತೀರಿ. ಇಲ್ಲಿನ ಮೊದಲ ಶತ್ರು ಬಿಸಿಲು. ಬಿಯರ್ ತರಕಾರಿಯ ಹಾಗೆ, ಬಾಡುತ್ತದೆ. ವೈನು, ವಿಸ್ಕಿ ಇಟ್ಟಷ್ಟೂ ಒಳ್ಳೆಯದೆಂಬ ಮಾತನ್ನು ಇದಕ್ಕೂ ಹಚ್ಚಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಈ ಕಸುಬಿಗೆ ಬಂದ ಹೊಸತರಲ್ಲಿ ಗೆಳೆಯರೊಬ್ಬರು ವಿದೇಶದಿಂದ ಒಂದು ಒಳ್ಳೆಯ ಐಪಿಎ ಬಾಟಲಿ ತಂದುಕೊಟ್ಟರು. 'ದಸರಾಕ್ಕೆ ಅಣ್ಣತಮ್ಮಂದಿರೆಲ್ಲ ಸೇರಿದಾಗ ತೆಗೆದರಾಯಿತು' ಎಂದು ಊರಿನ ಮನೆಯಲ್ಲಿ ಬೀರುವಿನ ಮೇಲೆ, ಹಾಸಿಗೆಯ ಹಿಂದೆ ಅವಿತಿಟ್ಟೆ. ಆಗ ಮಾರ್ಚಿ. ಏಪ್ರಿಲ್, ಮೇ ಎರಡು ತಿಂಗಳು ಆರ್‌ಸಿಸಿ ಛಾವಣಿಯ ಕೆಳಗೆ ಅದು ಬೆಂದಿತು. ದಸರಾಕ್ಕೆ ಮುಚ್ಚಳ ತೆಗೆದರೆ ಮಾವು, ಕಿತ್ತಳೆ ಎಂದು ನಾನು ಹೊಗಳಿದ್ದ ಪರಿಮಳದ ಜಾಗದಲ್ಲಿ ಮಳೆಯಲ್ಲಿ ನೆನೆದ ರಟ್ಟಿನ ಡಬ್ಬಿಯ ವಾಸನೆ. ಚಿಕ್ಕಪ್ಪನ ಮಗ ಒಂದು ಗುಟುಕು ಕುಡಿದು, 'ಅಣ್ಣಾ, ಇದಕ್ಕಾ ನೀನು ಸಂಬಳ ತಗಳೋದು?' ಎಂದ.

ಆ ರಟ್ಟಿನ ವಾಸನೆ ಹಳಸಿದ ಬಿಯರಿನ ಗುರುತು. ಬಾಟಲಿಯೊಳಗೆ ಉಳಿದ ಚೂರು ಆಮ್ಲಜನಕ ಮತ್ತು ಸೆಕೆ ಸೇರಿ ಮಾಡುವ ಕೆಲಸ. ಬೆಳಕಿನದು ಇನ್ನೊಂದು ಕಾಟ. ಬಿಸಿಲು ಬಿದ್ದರೆ ಹಾಪ್ಸಿನ ಕಹಿ ಒಡೆದು ಗಂಧಕದ ಗಬ್ಬು ವಾಸನೆ ಹುಟ್ಟುತ್ತದೆ, ಅದಕ್ಕೆ ಕೆಲವು ನಿಮಿಷ ಸಾಕು. ಕಂದು ಗಾಜು ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜು ಅಷ್ಟಕ್ಕಷ್ಟೇ, ಬಿಳಿ ಗಾಜು ತಡೆಯುವುದೇ ಇಲ್ಲ. ಕ್ಯಾನಿಗೆ ಈ ಚಿಂತೆಯೇ ಇಲ್ಲ. ಆದ್ದರಿಂದ ಅಂಗಡಿಗೆ ಹೋದಾಗ ಮೊದಲು ತಯಾರಾದ ದಿನಾಂಕ ನೋಡಿ. ಎರಡು ತಿಂಗಳೊಳಗಿನದು ಸಿಕ್ಕರೆ ತಗೊಳ್ಳಿ, ಐದು ತಿಂಗಳ ಹಳೆಯದನ್ನು ಯಾರಾದರೂ ಬಿಟ್ಟಿ ಕೊಟ್ಟರೂ ಬೇಡ. ಮುಂದಿನ ಶೆಲ್ಫಿನಲ್ಲಿ ಬಿಸಿಲಿಗೆ ನಿಂತದ್ದನ್ನು ಬಿಟ್ಟು ಫ್ರಿಜ್ಜಿನೊಳಗಿನದನ್ನು ಕೇಳಿ. 650ರ ಬದಲು 330 ಮಿ.ಲೀ.ನ ಪಿಂಟ್ ಅಥವಾ ಕ್ಯಾನ್. 'ಮೈಲ್ಡ್' ಅಥವಾ 'ವೀಟ್' ಎಂದು ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಮತ್ತೆ ಸ್ಟ್ರಾಂಗೇ ಬರುತ್ತದೆ. ಗೋಧಿ ಬಿಯರಿನ ಕ್ಯಾನುಗಳು ಈಗ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತವೆ. ಬೆಂಗಳೂರಿನ ತೊಟ್ಟಿಯಿಂದ ನೇರ ಇಳಿದದ್ದರ ಘಮ ಅದಕ್ಕೆ ಇರುವುದಿಲ್ಲ, ಆದರೂ ನೀವು ಚೆಲ್ಲಿದ್ದಕ್ಕಿಂತ ಎಷ್ಟೋ ವಾಸಿ.

ಬಾಟಲಿಯನ್ನೇ ಬಾಯಿಗೆ ಹಚ್ಚಬೇಡಿ, ಮೂಗಿಗೆ ಏನೂ ಸಿಗುವುದಿಲ್ಲ. ಗಾಜಿನ ಲೋಟ ಸಾಕು, ಆದರೆ ಜಿಡ್ಡು, ಸೋಪು ಉಳಿದಿರಬಾರದು. ಉಳಿದರೆ ನೊರೆ ನಿಲ್ಲುವುದಿಲ್ಲ. ಲೋಟ ಓರೆ ಹಿಡಿದು ಮುಕ್ಕಾಲು ಸುರಿದು, ಆಮೇಲೆ ನೆಟ್ಟಗೆ ಮಾಡಿ ಉಳಿದದ್ದನ್ನು ಬಿಡಿ. ಮೇಲೆ ಎರಡು ಬೆರಳು ನೊರೆ ಬರಲಿ. 'ನೊರೆ ಬ್ಯಾಡ, ಮೋಸ' ಎನ್ನುವುದು ಬಾರಿನ ಮಾತು. ಪರಿಮಳವನ್ನು ಮೂಗಿನ ತನಕ ತರುವುದೇ ಆ ನೊರೆ. ಸೋಸದ ಗೋಧಿ ಬಿಯರಾದರೆ ತಳದಲ್ಲಿ ಒಂದು ಗುಟುಕು ಉಳಿಸಿ, ಬಾಟಲಿ ಗಿರ್ರನೆ ತಿರುಗಿಸಿ ಯೀಸ್ಟ್ ಎಬ್ಬಿಸಿ ಹಾಕಿಕೊಳ್ಳಿ. ಇನ್ನು ತಣ್ಣಗೆ ಎಂದರೆ ಹಲ್ಲು ಜುಮ್ಮೆನ್ನುವಷ್ಟು ಅಲ್ಲ, ಅಷ್ಟು ತಂಪಿಗೆ ನಾಲಿಗೆ ಮರಗಟ್ಟಿ ರುಚಿಯೇ ತಿಳಿಯದು. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ ಎಂದು ಪುಸ್ತಕಗಳು ಹೇಳುತ್ತವೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಮುಚ್ಚಳ ತೆಗೆಯುವಷ್ಟರಲ್ಲಿ ಆ ಕೆಲಸ ಆಗಿರುತ್ತದೆ.

ನಿಮ್ಮ ಗೆಳೆಯರಲ್ಲಿ ಯಾರೋ ಒಬ್ಬರು ಬಾಟಲಿಯನ್ನು ನೀರು ತುಂಬಿದ ಲೋಟದಲ್ಲಿ ತಲೆಕೆಳಗು ಮಾಡಿ 'ಗ್ಲಿಸರಿನ್ ತೆಗೀತೀನಿ ನೋಡು' ಎನ್ನುತ್ತಾರೆ, ಇವತ್ತಲ್ಲ ನಾಳೆ. ಎಳೆ ಎಳೆಯಾಗಿ ಕೆಳಗೆ ಇಳಿಯುವುದು ಗ್ಲಿಸರಿನ್ ಅಲ್ಲ, ಬಿಯರೇ. ನೀರಿಗಿಂತ ಸ್ವಲ್ಪ ತೂಕ ಇರುವುದರಿಂದ ಇಳಿಯುತ್ತದೆ. ಯೀಸ್ಟ್ ತಾನಾಗಿ ಮಾಡುವ ಅಲ್ಪ ಗ್ಲಿಸರಿನ್ ಪ್ರಪಂಚದ ಎಲ್ಲ ಬಿಯರಿನಲ್ಲೂ ಇದೆ, ಅದು ಹೀಗೆ ಬೇರೆಯಾಗುವುದಿಲ್ಲ. ಅವರು ಮಾಡುತ್ತಿರುವುದು ಬಿಯರಿಗೆ ನೀರು ಬೆರೆಸುವ ಕೆಲಸ. ಜಗಳಕ್ಕೆ ಹೋಗಬೇಡಿ, ನಾನು ಹೋಗಿ ಗೆದ್ದಿಲ್ಲ.

ತಿನ್ನುವುದಕ್ಕೆ ಏನು? ಇಲ್ಲಿ ನಮ್ಮ ಊರು ಶ್ರೀಮಂತ. ಮಿರ್ಚಿ ಭಜಿಗೆ ಗೋಧಿ ಬಿಯರಿನಷ್ಟು ಒಳ್ಳೆಯ ಜೋಡಿ ನಾನು ಕಂಡಿಲ್ಲ; ಅದರ ಸಣ್ಣ ಸಿಹಿ ಖಾರವನ್ನು ತಣಿಸುತ್ತದೆ, ಗ್ಯಾಸು ಬಾಯಿಯ ಎಣ್ಣೆ ತೊಳೆಯುತ್ತದೆ. ಅದೇ ಮಿರ್ಚಿಗೆ ಐಪಿಎ ಹಿಡಿದರೆ ಕಹಿ ಮತ್ತು ಖಾರ ಒಂದನ್ನೊಂದು ಏರಿಸಿ ಕಣ್ಣಲ್ಲಿ ನೀರು ತರಿಸುತ್ತವೆ. ಒಗ್ಗರಣೆ ಮಂಡಕ್ಕಿ, ಹುರಿದ ಶೇಂಗಾಕ್ಕೆ ಲಾಗರ್. ಕಟಿ ರೊಟ್ಟಿ, ಎಣ್ಣೆಗಾಯಿಗೆ ಕಂದು ಬಣ್ಣದ ಏಲ್ ಹಿಡಿಸುತ್ತದೆ, ಏಕೆಂದರೆ ಹಂಚಿನ ಮೇಲೆ ರೊಟ್ಟಿ ಕಂದಾಗುವುದೂ ಒಲೆಯಲ್ಲಿ ಮಾಲ್ಟ್ ಕಂದಾಗುವುದೂ ಒಂದೇ ಬಗೆಯ ಕ್ರಿಯೆ. ಶೇಂಗಾ ಹೋಳಿಗೆ ಜೊತೆ ಸ್ಟೌಟ್ ಎಂದರೆ ನಗುತ್ತೀರಿ. ನಕ್ಕು, ಆಮೇಲೆ ತಿಂದು ನೋಡಿ. ಏನೇ ಆಗಲಿ, ಖಾಲಿ ಹೊಟ್ಟೆಯಲ್ಲಿ ಮಾತ್ರ ಕೂರಬೇಡಿ.

ಎಷ್ಟು ಎಂಬ ಪ್ರಶ್ನೆಗೆ ನೇರ ಉತ್ತರ: ಒಂದು ಕೂತಾಟಕ್ಕೆ ಒಂದು ಪಿಂಟ್, ಒಂದು ತಾಸಿಗಿಂತ ಬೇಗ ಮುಗಿಸದೆ, ಪಕ್ಕದಲ್ಲಿ ಅಷ್ಟೇ ನೀರು. ಅದೂ ಪ್ರತಿ ದಿನವಲ್ಲ, ವಾರಕ್ಕೊಮ್ಮೆಯೂ ಬೇಕೆಂದಿಲ್ಲ. ನನ್ನ ಅನ್ನದ ಕಸುಬು ಇದೇ ಆದರೂ ಮುಚ್ಚಿಡುವುದಿಲ್ಲ: ಮದ್ಯಕ್ಕೆ ಆರೋಗ್ಯದ ದೃಷ್ಟಿಯಿಂದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಅದನ್ನು ಇಟ್ಟಿದ್ದಾರೆ. ಈ ವಿಷಯದಲ್ಲಿ ಕ್ರಾಫ್ಟು, ಕಂಪನಿ ಎಂಬ ಭೇದ ಇಲ್ಲ. ಹಿಡಿಸಲಿಲ್ಲವೆಂದರೆ ಬಿಟ್ಟುಬಿಡಿ, ನಷ್ಟವೇನಿಲ್ಲ. ಬಿಸಿಲಲ್ಲಿ ದಾಹಕ್ಕೆಂದು ಬಿಯರ್ ಕುಡಿಯುವುದೂ ತಪ್ಪು ಲೆಕ್ಕ. ಮದ್ಯಸಾರ ಮೂತ್ರ ಹೆಚ್ಚಿಸಿ ಮೈಯ ನೀರನ್ನು ಹೊರಗೆ ಹಾಕುತ್ತದೆ. ಮೊದಲು ಮಜ್ಜಿಗೆ ಕುಡಿದು ದಾಹ ತೀರಿಸಿಕೊಂಡು ಆಮೇಲೆ ಕೂರಿ. ಯಾವುದಾದರೂ ಮಾತ್ರೆ ತಗೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ; ಯೂರಿಕ್ ಆಮ್ಲದ ತೊಂದರೆ ಇರುವವರಿಗಂತೂ ಬಿಯರ್ ಬೇಡವೇ ಬೇಡ.

ಗಾಡಿ ವಿಷಯದಲ್ಲಿ ನಾನು ಕಟುಕ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ ಮದ್ಯಸಾರ 30 ಮಿ.ಗ್ರಾಂ. ಮೀರಿದರೆ ಅಪರಾಧ, ಮೊದಲ ಸಲಕ್ಕೇ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಶೇ. 5ರ ಒಂದು ಪಿಂಟಿನಲ್ಲಿ 13 ಗ್ರಾಂ ಮದ್ಯಸಾರ. 65 ಕೆ.ಜಿ. ತೂಗುವ ಗಂಡಸಿಗೆ ಖಾಲಿ ಹೊಟ್ಟೆಯಲ್ಲಿ ಅದು ಹೆಚ್ಚು ಕಡಿಮೆ ಆ 30ರ ಗೆರೆಯ ಮೇಲೇ ತಂದು ನಿಲ್ಲಿಸುತ್ತದೆ. 'ಒಂದೇ ತಾನೇ' ಅನ್ನುವುದಕ್ಕೆ ಜಾಗವೇ ಇಲ್ಲ. ಪಾಳಿ ಮುಗಿಸಿ ತೋರಣಗಲ್ಲಿನಿಂದ ಬಳ್ಳಾರಿಗೆ ಬರುವ ಹೈವೇ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕೇ? ಅದಿರು ಲಾರಿಗಳ ಸಾಲು, ಧೂಳು, ಹಿಂದಿನ ದೀಪ ಇಲ್ಲದ ಟ್ರ್ಯಾಲಿಗಳು. ಮನೆಗೆ ಬಂದು, ಬೈಕಿನ ಕೀಲಿ ಮೊಳೆಗೆ ನೇತು ಹಾಕಿದ ಮೇಲೆಯೇ ಮುಚ್ಚಳ ತೆಗೆಯಿರಿ.

ವಿಡಿಯೋ ನೋಡಿ ಮನೆಯಲ್ಲೇ ಮಾಡೋಣ ಎಂಬ ಆಸೆ ಎಂಜಿನಿಯರುಗಳಿಗೆ ಬಂದೇ ಬರುತ್ತದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಅಪರಾಧ. ಐದು ಲೀಟರ್ ಆದರೂ ಅಷ್ಟೇ. ಹಾಗೆಯೇ 'ಇದಕ್ಕಿಂತ ಸೇಂದಿ ನೈಸರ್ಗಿಕ' ಎಂದು ಯಾರಾದರೂ ಕರೆದರೆ ಹೋಗಬೇಡಿ. ನಮ್ಮ ಕಡೆ, ರಾಯಚೂರು ಕಡೆ ಈಗ ಕದ್ದು ಮಾರುವುದು ಬಹಳಷ್ಟು ಈಚಲ ಮರದ್ದಲ್ಲ, ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ಬರಿಸುವ ರಾಸಾಯನಿಕ, ಕಲಸಿದ ನೀರು.

ಕೊನೆಯದಾಗಿ ಮನೆ. ನಿಮ್ಮ ಮನೆಯವರನ್ನು ನಾನು ಬಲ್ಲವನಲ್ಲ, ಹೇಳಿ ಎಂದು ಒತ್ತಾಯಿಸಲಾರೆ. ನನ್ನದು ಹೇಗಾಯಿತೆಂದು ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷ 'ಫುಡ್ ಕಂಪನಿ' ಎಂದೇ ಊರಲ್ಲಿ ಹೇಳಿಕೊಂಡು ತಿರುಗಿದೆ. ಕಣ್ಣಿನ ಆಪರೇಷನ್ನಿಗೆಂದು ಅವ್ವ ಬೆಂಗಳೂರಿಗೆ ಬಂದಳು. ವಾಪಸು ಹೋಗುವ ಮುಂಚೆ ನೀನು ಕೆಲಸ ಮಾಡುವ ಜಾಗ ತೋರಿಸು ಎಂದು ಹಟ ಹಿಡಿದಳು. ಬೆಳಗಿನ ಹೊತ್ತು, ಪಬ್ಬಿನ ಬಾಗಿಲು ತೆಗೆಯುವ ಮೊದಲು ಹಿಂದಿನ ಗೇಟಿನಿಂದ ಕರೆದುಕೊಂಡು ಹೋದೆ. ತೊಟ್ಟಿಗಳನ್ನು ನೋಡಿದಳು, ಏನೂ ಅನ್ನಲಿಲ್ಲ. ವಾಸನೆಗೆ ಅವಳಿಗೆ ಎಲ್ಲ ಗೊತ್ತಾಗಿತ್ತು. ಗೋದಾಮಿನಲ್ಲಿ ಮಾಲ್ಟ್ ಚೀಲ ಬಿಚ್ಚಿತ್ತು. ಅಭ್ಯಾಸಬಲ, ಕೈ ಹಾಕಿ ಒಂದು ಹಿಡಿ ತೆಗೆದಳು, ಅಂಗೈಯಲ್ಲಿ ಉಜ್ಜಿ ಹೊಟ್ಟು ಊದಿದಳು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಆಮೇಲೆ ನನ್ನ ಕಡೆ ತಿರುಗಿ, 'ಯಪ್ಪಾ, ಇಷ್ಟು ಚಲೋ ಕಾಳು. ಅಂಬಲಿ ಕಾಸಿದ್ರ ಮನಿಮಂದೆಲ್ಲ ಕುಡೀಬೋದಿತ್ತಲ್ಲೋ' ಎಂದಳು.

ಹೋಗುವಾಗ ಎರಡು ಕಿಲೋ ಕಟ್ಟಿಸಿಕೊಂಡು ಹೋದಳು.